ಇಲಿ ಸಾಕಿದ ಲೆಕ್ಕ

ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ ನಾನು ಬರೆದ ಮೊದಲ ಖಾರವಾದ ಟಿಪ್ಪಣಿ ಇಲಿಗಳಿಗೆ ಸಂಬಂಧಿಸಿದ್ದು. ಬಯಲುಸೀಮೆಯ ತಾಲ್ಲೂಕೊಂದರ ಆಹಾರಧಾನ್ಯ ಗೋದಾಮಿನಲ್ಲಿ ಮೂರು ತಿಂಗಳ ಅವಧಿಯಲ್ಲಿ 14 ಕ್ವಿಂಟಲ್ ಅಕ್ಕಿ ಕಡಿಮೆ ಬಿದ್ದಿತ್ತು. ದಾಸ್ತಾನು ವಹಿಯ ಷರಾ ಕಾಲಮ್ಮಿನಲ್ಲಿ ಗೋದಾಮಿನವರು ‘ಇಲಿ ತಿಂದಿರುತ್ತವೆ’ ಎಂದು ಎರಡೇ ಪದ ಬರೆದು ಮುಗಿಸಿದ್ದರು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯ ಹುರುಪು ಇನ್ನೂ ಆರದಿದ್ದ ದಿನಗಳು. ದೊಡ್ಡ ಇಲಿಯೊಂದು ದಿನಕ್ಕೆ 25 ಗ್ರಾಂ ಧಾನ್ಯ ತಿನ್ನುತ್ತದೆಂದು ಇಟ್ಟುಕೊಂಡರೂ, 14 ಕ್ವಿಂಟಲ್ ಮುಗಿಸಲು 620ಕ್ಕೂ ಹೆಚ್ಚು ಇಲಿಗಳು ತೊಂಬತ್ತು ದಿನ ಒಂದು ಹೊತ್ತೂ ಉಪವಾಸವಿರದೆ ಉಣ್ಣಬೇಕಾಗುತ್ತದೆ. ಅಷ್ಟು ಇಲಿಗಳ ನಡುವೆ ಗೋದಾಮಿನವರು ಕಾಲಿಡುತ್ತಿದ್ದುದಾದರೂ ಹೇಗೆ ಎಂದು ಬರೆದೆ. ಷರಾ ಕಾಲಮ್ಮಿನಲ್ಲಿ ಸುಳ್ಳು ಬರೆಯುವುದು ಅಕ್ಕಿ ಕದಿಯುವುದಕ್ಕಿಂತ ದೊಡ್ಡ ಅಪರಾಧ ಎಂಬ ವಾಕ್ಯವೊಂದನ್ನೂ ಸೇರಿಸಿದ್ದೆ. ಟಿಪ್ಪಣಿಯ ಕೊನೆಯಲ್ಲಿ, ಇದ್ದಷ್ಟು ಇಲಿಗಳಿಗಾದರೂ ಜಿಂಕ್ ಫಾಸ್ಫೈಡ್ ಇಡಿಸತಕ್ಕದ್ದೆಂದು ಆದೇಶಿಸಿ ಸಹಿ ಮಾಡಿದೆ. ಆ ರಾತ್ರಿ ಸುಖವಾಗಿ ನಿದ್ರೆ ಬಂದಿತ್ತು.

ಇದಾಗಿ ಸುಮಾರು ನಾಲ್ಕು ದಶಕಗಳ ಮೇಲೆ, 2023ರ ನವೆಂಬರಿನಲ್ಲಿ, ನಾನೂ ನನ್ನ ಪತ್ನಿಯೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಮಗಳ ಮನೆಗೆ ಹೋದೆವು. ಹತ್ತು ವರ್ಷದ ಮೊಮ್ಮಗಳಿಗೆ ನಾಯಿ ಬೇಕಿತ್ತು, ತಂದೆತಾಯಿಗಳಿಗೆ ಬೇಡವಾಗಿತ್ತು. ಈ ಎರಡು ಪಕ್ಷಗಳ ನಡುವಿನ ರಾಜಿಯ ಫಲವಾಗಿ ನಾವು ಹೋಗುವ ಹೊತ್ತಿಗೆ ಆ ಮನೆಯ ನೆಲಮಾಳಿಗೆಗೆ ಎರಡು ಇಲಿಗಳು ಬಂದಿದ್ದವು. ಇಂಗ್ಲಿಷಿನವರು ದೊಡ್ಡದಕ್ಕೊಂದು, ಸಣ್ಣದಕ್ಕೊಂದು ಪದವಿಟ್ಟುಕೊಂಡಿದ್ದಾರೆ. ನಾವು ಎರಡನ್ನೂ ಇಲಿ ಎಂದೇ ಕರೆಯುವುದರಿಂದ ಸ್ಪಷ್ಟಪಡಿಸುತ್ತೇನೆ: ಇವು ಸಣ್ಣವು, ಪ್ರಾಯಕ್ಕೆ ಬಂದ ಮೇಲೂ 25-30 ಗ್ರಾಂ ಮೀರದವು. ಒಂದು ಕಂದು, ಇನ್ನೊಂದು ಕೆಂಪುಕಣ್ಣಿನ ಅಚ್ಚ ಬಿಳಿ. ನನ್ನ ಪತ್ನಿ ನೋಡಿದ ಕೂಡಲೇ ರಾಗಿ, ಅಕ್ಕಿ ಎಂದು ನಾಮಕರಣ ಮಾಡಿದಳು. ಗೋದಾಮಿನ ಕಥೆ ಬಲ್ಲ ಅವಳಿಗೆ ಎರಡನೆಯ ಹೆಸರು ಇಡುವಾಗ ನಗು ತಡೆಯಲಾಗಲಿಲ್ಲ.

ಎರಡೂ ಹೆಣ್ಣೆಂದು ಅಂಗಡಿಯ ಹುಡುಗ ಹೇಳಿ ಕಳಿಸಿದ್ದ.

ನಿವೃತ್ತ ಅಧಿಕಾರಿಗೆ ಹಿಮ ಬೀಳುವ ಊರಿನಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಸಾರ್ವಜನಿಕ ಗ್ರಂಥಾಲಯದಿಂದ ಇಲಿ ಸಾಕಣೆಯ ಪುಸ್ತಕಗಳನ್ನು ತಂದು ಓದತೊಡಗಿದೆ. ಇಲಿಗೆ ಬೇಕಾದುದು ಗೂಡು ಮತ್ತು ಕಾಳು ಮಾತ್ರವೆಂದು ತಿಳಿದಿದ್ದವನಿಗೆ ಇದೊಂದು ಸಣ್ಣ ನಗರಾಡಳಿತವೆಂದು ಮನವರಿಕೆಯಾಯಿತು. ಗಾಜಿನ ತೊಟ್ಟಿಯಾದರೆ ಮೇಲ್ಭಾಗಕ್ಕೆ ತಂತಿ ಜಾಲರಿಯೇ ಇರಬೇಕು. ಮುಚ್ಚಳ ಬಿಗಿಯಾದರೆ ಮೂತ್ರದಿಂದೇಳುವ ಅಮೋನಿಯ ಒಳಗೇ ನಿಂತು ಇಲಿಯ ಶ್ವಾಸಕೋಶ ಕೆಡುತ್ತದೆ. ನೆಲಕ್ಕೆ ಹಾಸುವ ಮರದ ಹೊಟ್ಟು ಪರಿಮಳ ಬೀರುವ ಸೀಡರ್ ಮರದ್ದಾಗಬಾರದು. ನಮಗೆ ಹಿತವಾದ ಆ ವಾಸನೆ ಅವುಗಳ ಮೂಗಿಗೆ, ಯಕೃತ್ತಿಗೆ ಹೊರೆ. ಆಸ್ಪೆನ್ ಮರದ ಹೊಟ್ಟು ಅಥವಾ ಮಸಿಯಿಲ್ಲದ ಕಾಗದದ ಚೂರು ಒಳ್ಳೆಯದು. ಓಡುವ ಚಕ್ರಕ್ಕೆ ಸರಳುಗಳಿರಬಾರದು, ಬಾಲ ಸಿಕ್ಕಿಕೊಳ್ಳುತ್ತದೆ.

ನನಗೆ ಹೊಸದಾಗಿ ಕಂಡದ್ದು ಚಳಿಯ ವಿಚಾರ. ನಮಗೆ 21-22 ಡಿಗ್ರಿ ಸುಖವೆನಿಸಿದರೆ ಇಲಿಗೆ 30 ಡಿಗ್ರಿಯ ಆಸುಪಾಸು ಬೇಕು. ಅಂದರೆ ನಾವು ಸುಖವಾಗಿರುವ ಕೋಣೆಯಲ್ಲಿ ಇಲಿ ಸದಾ ನಡುಗುತ್ತಿರುತ್ತದೆ. ಗೂಡು ಕಟ್ಟಲು ಸಾಮಗ್ರಿ ಕೊಟ್ಟರೆ ಮಾತ್ರ ಅದು ತನ್ನ ಹವಾಮಾನವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ಮೊಮ್ಮಗಳು ಕೈ ಒರೆಸುವ ಬಿಳಿ ಕಾಗದ ನಾಲ್ಕು ಹಾಳೆ ಹಾಕಿದಳು. ರಾಗಿ ರಾತ್ರಿಯಿಡೀ ಅದನ್ನು ಎಳೆಎಳೆಯಾಗಿ ಸೀಳಿ, ಬೆಳಗಾಗುವುದರೊಳಗೆ ಗೀಜಗನನ್ನು ನೆನಪಿಸುವಂಥ ಉಂಡೆಯಾದ ಗೂಡು ಕಟ್ಟಿತ್ತು. ಅಷ್ಟು ಶ್ರದ್ಧೆಯ ಗೂಡೇಕೆ ಎಂಬುದು ಡಿಸೆಂಬರ್ 6ರ ಬೆಳಿಗ್ಗೆ ತಿಳಿಯಿತು. ಒಳಗೆ ಕಡಲೆಬೀಜದ ಗಾತ್ರದ ಏಳು ಕೆಂಪು ಮರಿಗಳು.

ಅಕ್ಕಿ ಗಂಡು. ಅದನ್ನು ಬೇರೆ ಪೆಟ್ಟಿಗೆಗೆ ಹಾಕಬೇಕೆಂದು ಪುಸ್ತಕದಲ್ಲಿ ಓದಿದ್ದೆ; ಪೆಟ್ಟಿಗೆ ಕೊಂಡುತರುವಷ್ಟರಲ್ಲಿ ಎರಡು ದಿನ ಕಳೆಯಿತು. ಆದರೆ ಹೆಣ್ಣಿಲಿ ಹೆತ್ತ ಇಪ್ಪತ್ತನಾಲ್ಕು ಗಂಟೆಯೊಳಗೇ ಮತ್ತೆ ಗರ್ಭ ಧರಿಸಬಲ್ಲದು ಎಂಬ ವಾಕ್ಯ ಮುಂದಿನ ಪುಟದಲ್ಲಿತ್ತು. ಗರ್ಭಾವಧಿ ಮೂರು ವಾರ. ಮೊದಲ ಮರಿಗಳಿಗೆ ಹಾಲೂಡಿಸುತ್ತಿದ್ದರೆ ಕೆಲವು ದಿನ ಹೆಚ್ಚು. ಜನವರಿ 2ರಂದು ಇನ್ನೂ ಐದು ಮರಿಗಳು ಹುಟ್ಟಿದವು. ಕಡತ ಮಂಡಿಸಲು ಎರಡು ದಿನ ತಡವಾದುದರ ಪರಿಣಾಮಗಳನ್ನು ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೆ. ಇಷ್ಟು ನಿಖರವಾಗಿ ಕಂಡಿರಲಿಲ್ಲ.

ಊಟದ ಮೇಜಿನ ಮೇಲೆ ಕಾಗದ ಹರಡಿ ಮೊಮ್ಮಗಳಿಗೆ ಲೆಕ್ಕ ಹಾಕಿ ತೋರಿಸಿದೆ. ಒಂದು ಜೋಡಿ ನಾಲ್ಕು ವಾರಕ್ಕೊಮ್ಮೆ ಆರು ಮರಿ ಹಾಕುತ್ತದೆ, ಅವುಗಳಲ್ಲಿ ಅರ್ಧ ಹೆಣ್ಣು, ಯಾವುದೂ ಸಾಯುವುದಿಲ್ಲ ಎಂದಿಟ್ಟುಕೊಳ್ಳೋಣ. ಆರು ವಾರಕ್ಕೆ ಹೆಣ್ಣುಮರಿ ಪ್ರಾಯಕ್ಕೆ ಬರುತ್ತದೆ, ಒಂಬತ್ತನೆಯ ವಾರದಲ್ಲಿ ತಾನೇ ತಾಯಿಯಾಗುತ್ತದೆ. ಮೊದಲ ಹೆರಿಗೆಯಿಂದ ಒಂಬತ್ತು ವಾರ ಕಳೆಯುವಾಗ ಮನೆಯಲ್ಲಿ 38 ಇಲಿಗಳು. ಹದಿಮೂರನೆಯ ವಾರಕ್ಕೆ 80. ಮುಂದೆ ಕಾಗದ ಸಾಲಲಿಲ್ಲ. ಮಾಲ್ಥಸ್ 1798ರಲ್ಲಿ ಹೇಳಿದ್ದನ್ನು ಎಂ.ಎ. ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಅದು ಹಳತಾಯಿತೆಂದು ವಾದಿಸಿದವರ ಪೈಕಿ ನಾನೂ ಒಬ್ಬ. ನೆಲಮಾಳಿಗೆಯಲ್ಲಿ ಅದು ಹಳತಾಗಿರಲಿಲ್ಲ.

ಅಂದಿನಿಂದ ಒಂದು ನೋಟುಪುಸ್ತಕಕ್ಕೆ ಗೆರೆ ಎಳೆದು ವಹಿ ಆರಂಭಿಸಿದೆವು. ಕ್ರಮಸಂಖ್ಯೆ, ಹುಟ್ಟಿದ ದಿನಾಂಕ, ತಾಯಿ, ಬಣ್ಣ, ಲಿಂಗ, ವಾರದ ತೂಕ, ಷರಾ. ಕನ್ನಡ ಮಾತಾಡಬಲ್ಲ, ಬರೆಯಲು ಬಾರದ ಮೊಮ್ಮಗಳು ಕಲಿತ ಮೊದಲ ಕನ್ನಡ ಬರಹ ‘ಷರಾ’. ಅದು ನಮ್ಮ ಭಾಷೆಯದೋ ಅರಬ್ಬಿಯಿಂದ ಬಂದದ್ದೋ ಎಂಬ ಜಗಳ ನನಗೂ ಪತ್ನಿಗೂ ನಡೆದದ್ದು ಬೇರೆ ಮಾತು. ಹುಟ್ಟಿದಾಗ ಒಂದು ಗ್ರಾಂ ಚಿಲ್ಲರೆ ತೂಗಿದ ಮರಿಗಳು ಎರಡನೆಯ ವಾರ ಮುಗಿಯುವಾಗ ಕಣ್ಣು ಬಿಟ್ಟವು. ಹತ್ತನೆಯ ದಿನದ ಆಸುಪಾಸಿನಲ್ಲಿ, ಹೊಟ್ಟೆಯ ಮೇಲೆ ಕೂದಲು ದಟ್ಟವಾಗುವ ಮುನ್ನ, ಹೆಣ್ಣುಮರಿಗಳ ಮೊಲೆತೊಟ್ಟು ಚುಕ್ಕಿಗಳಂತೆ ಕಾಣುತ್ತವೆ. ಲಿಂಗ ಗುರುತಿಸಲು ಹೊಸಬರಿಗೆ ಅದೇ ಸುಲಭದ ಉಪಾಯ. ಮೊದಲ ಸೂಲಿನ ಏಳರಲ್ಲಿ ನಾಲ್ಕು ಕಂದು, ಮೂರು ಬಿಳಿ. ಮೆಂಡೆಲನ ನಿಯಮ ಬಟಾಣಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ಫ್ರಾನ್ಸಿನ ಲೂಸಿಯೆನ್ ಕ್ಯೂನೊ 1902ರಲ್ಲಿ ತೋರಿಸಿದ್ದು ಇಂಥದೇ ಇಲಿಗಳ ಬಣ್ಣ ಎಣಿಸಿ.

ಇಲಿ ಸಾಕಣೆ ಅಮೆರಿಕದ ಮಕ್ಕಳ ಹೊಸ ಗೀಳೆಂದು ಭಾವಿಸಬೇಕಿಲ್ಲ. ಜಪಾನಿನ ಕ್ಯೋಟೊದಲ್ಲಿ 1787ರಲ್ಲೇ ಬಣ್ಣಬಣ್ಣದ ಇಲಿಗಳ ತಳಿ ಬೆಳೆಸುವ ಕೈಪಿಡಿ ಅಚ್ಚಾಗಿತ್ತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೇ ಹುಟ್ಟಿ, ನಮ್ಮಲ್ಲಿ ಜಾತ್ರೆಯ ದನಗಳಿಗೆ ಬಹುಮಾನ ಕೊಡುವಂತೆ ಅವರು ಇಲಿಗಳಿಗೆ ಕೊಡತೊಡಗಿದರು. ಅದಾಗಿ ಮೂರೇ ವರ್ಷಕ್ಕೆ, 1898ರಲ್ಲಿ, ಬೆಂಗಳೂರು ಪ್ಲೇಗಿನಿಂದ ಕಂಗೆಟ್ಟು, ಇಲಿ ಬಿದ್ದ ಮನೆಯನ್ನು ಜನ ತೊರೆದು ಓಡುತ್ತಿದ್ದರು. ಒಂದೇ ಪ್ರಾಣಿಯ ಬಗ್ಗೆ ಎರಡು ನಾಡುಗಳಿಗೆ ಎರಡು ಬಗೆಯ ನೆನಪಿರುವುದು ಸಹಜ.

ನನ್ನ ಓದು ನಿಂತದ್ದು ಆ್ಯಬಿ ಲ್ಯಾಥ್ರಪ್ ಎಂಬ ಹೆಸರಿನಲ್ಲಿ. ಆಕೆ ಇದ್ದ ಗ್ರ್ಯಾನ್‌ಬಿ ಎಂಬ ಹಳ್ಳಿ ಮಗಳ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಹೋಗಿ ನೋಡಿಬಂದೆವು. 1868ರಲ್ಲಿ ಹುಟ್ಟಿದ ಈಕೆ ಶಾಲಾ ಶಿಕ್ಷಕಿಯಾಗಿದ್ದು, ಅನಾರೋಗ್ಯದಿಂದ ಕೆಲಸ ಬಿಟ್ಟು, 1900ರ ಸುಮಾರಿಗೆ ಇಲ್ಲಿಗೆ ಬಂದು ಕೋಳಿ ಸಾಕಿದಳು. ಕೋಳಿ ಕೈಕೊಟ್ಟಿತು. ಆಮೇಲೆ ಹಿಡಿದದ್ದು ಇಲಿ. ಒಳಕಿವಿಯ ದೋಷದಿಂದಾಗಿ ತಮ್ಮ ಸುತ್ತ ತಾವೇ ತಿರುಗುವ ‘ನರ್ತಿಸುವ ಇಲಿ’ಗಳ ಒಂದು ಜೋಡಿಯಿಂದ ಶುರುವಾದ ಸಾಕಣೆ ಬೆಳೆದು ಬೆಳೆದು, ಒಂದು ಹಂತದಲ್ಲಿ ಆಕೆಯ ಮನೆ ಹಾಗೂ ಕೊಟ್ಟಿಗೆಗಳಲ್ಲಿ 11 ಸಾವಿರಕ್ಕೂ ಹೆಚ್ಚು ಇಲಿಗಳಿದ್ದವು. ಮರದ ಪೆಟ್ಟಿಗೆಗಳು, ಹುಲ್ಲಿನ ಹಾಸು, ಆಹಾರಕ್ಕೆ ಓಟ್ಸ್ ಮತ್ತು ಬಿಸ್ಕತ್ತು. ಗೂಡು ಸ್ವಚ್ಛಗೊಳಿಸುವ ಊರ ಹುಡುಗರಿಗೆ ಗಂಟೆಗೆ ಏಳು ಸೆಂಟ್ ಕೂಲಿ. ಶೋಕಿಗೆ ಕೊಳ್ಳುವವರಿಗೆಂದು ಸಾಕಿದ್ದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸಲ್‌ರಂಥ ತಳಿವಿಜ್ಞಾನಿಗಳು ಕೇಳಿ ತರಿಸಿಕೊಳ್ಳತೊಡಗಿದರು.

ಇಲ್ಲಿಯವರೆಗಿನದು ಸಣ್ಣ ಉದ್ದಿಮೆಯೊಂದರ ಕಥೆ. ಮುಂದಿನದು ಹಾಗಲ್ಲ. ತನ್ನ ಕೆಲವು ಇಲಿಗಳ ಮೈಮೇಲೆ ಗಂಟುಗಳೇಳುವುದನ್ನು ಲ್ಯಾಥ್ರಪ್ ಗಮನಿಸಿದಳು. ರೋಗಿಷ್ಠ ಮಾಲನ್ನು ಗುಟ್ಟಾಗಿ ವಿಲೇವಾರಿ ಮಾಡುವುದು ವ್ಯಾಪಾರದ ರೂಢಿ. ಆಕೆ ಹಾಗೆ ಮಾಡದೆ ಮಾದರಿಗಳನ್ನು ವಿಜ್ಞಾನಿಗಳಿಗೆ ಕಳಿಸಿದಳು. ಅವು ಕ್ಯಾನ್ಸರ್ ಗಡ್ಡೆಗಳೆಂದು ರೋಗಶಾಸ್ತ್ರಜ್ಞ ಲಿಯೋ ಲೋಬ್ ಉತ್ತರ ಬರೆದ. ಇಬ್ಬರೂ ಸೇರಿ ನಡೆಸಿದ ಅಧ್ಯಯನಗಳು 1913ರಿಂದ 1919ರವರೆಗೆ ಹತ್ತು ಪ್ರಬಂಧಗಳಾಗಿ ಪ್ರಕಟವಾದವು. ಕೆಲವು ವಂಶಗಳಲ್ಲಿ ಗಡ್ಡೆ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲಿ ಸ್ತನದ ಗಡ್ಡೆ ತೀರ ಇಳಿಯುತ್ತದೆ. ಸ್ತನ ಕ್ಯಾನ್ಸರಿಗೂ ಹಾರ್ಮೋನಿಗೂ ಇರುವ ಸಂಬಂಧದ ಆರಂಭಿಕ ಸಾಕ್ಷ್ಯಗಳಲ್ಲಿ ಇದೊಂದು. ಅದು ಸಾಧ್ಯವಾದದ್ದು ಯಾವ ಇಲಿ ಯಾರ ಮಗಳು, ಎಂದು ಹುಟ್ಟಿತು, ಯಾವುದರಿಂದ ಸತ್ತಿತು ಎಂಬುದನ್ನು ಆ ಮನೆಯಲ್ಲಿ ಒಬ್ಬಳು ಬರೆದಿಟ್ಟದ್ದರಿಂದ. ವಹಿಯಿಲ್ಲದಿದ್ದರೆ ಅವು 11 ಸಾವಿರ ಇಲಿಗಳು ಮಾತ್ರ.

1918ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಮೂರು ವರ್ಷಗಳ ನಂತರ ಕ್ಲಾರೆನ್ಸ್ ಕುಕ್ ಲಿಟ್ಲ್ ಆಕೆಯ ಇಲಿಗಳಲ್ಲಿ 57ನೇ ಸಂಖ್ಯೆಯ ಹೆಣ್ಣನ್ನೂ 52ನೇ ಸಂಖ್ಯೆಯ ಗಂಡನ್ನೂ ಕೂಡಿಸಿದ. ಆ ಸಂತತಿಯೇ ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ‘ಸಿ-57 ಬ್ಲ್ಯಾಕ್ 6’ ತಳಿಯ ಮೂಲ. 2002ರಲ್ಲಿ ವಿಜ್ಞಾನಿಗಳು ಇಲಿಯ ಜೀನೋಮನ್ನು ಓದಿ ಪ್ರಕಟಿಸಿದಾಗ ಆರಿಸಿಕೊಂಡದ್ದೂ ಇದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕಪ್ಪು ಇಲಿಗಳಿವೆ. ಹೆಂಗಸರು ಮನೆಯೊಳಗೆ ಮಾಡುವ ದುಡಿಮೆಯನ್ನು ರಾಷ್ಟ್ರೀಯ ವರಮಾನದ ಲೆಕ್ಕ ಹಿಡಿಯುವುದಿಲ್ಲವೆಂಬ ಕೊರತೆಯನ್ನು ನಮ್ಮ ಕಾಲದ ಎಲ್ಲ ವಿದ್ಯಾರ್ಥಿಗಳೂ ಅರ್ಥಶಾಸ್ತ್ರಜ್ಞ ಪಿಗೂವಿನ ಮೂಲಕ ಓದಿದ್ದೇವೆ. ಲ್ಯಾಥ್ರಪ್‌ಳ ಇಲಿಗಳಿಗೆ ಬೆಲೆ ಬಂತು. ಆಕೆಯ ವಹಿಗೆ ಬೆಲೆ ಕಟ್ಟಿದವರಾರು? ಲೋಬ್ ಪ್ರಬಂಧಗಳಲ್ಲಿ ಆಕೆಯ ಹೆಸರನ್ನು ತನ್ನ ಹೆಸರಿನ ಜೊತೆಗಿಟ್ಟ ಎಂಬುದನ್ನು ಮಾತ್ರ ಸಮಾಧಾನದಿಂದ ನೆನೆಯಬೇಕು.

ನಮ್ಮ ನೆಲಮಾಳಿಗೆಗೆ ಮರಳುತ್ತೇನೆ. ಫೆಬ್ರವರಿಯ ಹೊತ್ತಿಗೆ ಒಟ್ಟು 14 ಇಲಿಗಳು. ಹೆಣ್ಣು ಏಳು, ಗಂಡು ಏಳು. ಹೆಣ್ಣುಗಳದ್ದು ತಕರಾರಿಲ್ಲ, ಒಂದೇ ತೊಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದು ನಿದ್ರಿಸುತ್ತವೆ. ಗಂಡುಗಳು ಎರಡು ತಿಂಗಳು ತುಂಬಿದ ಮೇಲೆ ಅಣ್ಣತಮ್ಮಂದಿರೆಂದು ನೋಡುವುದಿಲ್ಲ. ಒಂದು ಬೆಳಿಗ್ಗೆ ಒಂದರ ಬಾಲದ ಬುಡದಲ್ಲಿ ರಕ್ತ, ಇನ್ನೊಂದರ ಬೆನ್ನಿನಲ್ಲಿ ಗಾಯ. ಪ್ರತಿಯೊಂದಕ್ಕೂ ಪ್ರತ್ಯೇಕ ಪೆಟ್ಟಿಗೆ ಬೇಕಾಯಿತು. ಗಂಡಿಲಿಯ ಮೂತ್ರದ ಘಾಟು ಮನೆಯ ಮೆಟ್ಟಿಲು ಹತ್ತಿ ಮೇಲೆ ಬಂತು. ಅಳಿಯಂದಿರು ಸಂಭಾವಿತರು, ಒಂದು ಮಾತೂ ಆಡಲಿಲ್ಲ. ನೆಲಮಾಳಿಗೆಗೆ ಇಳಿಯುವುದನ್ನು ಬಿಟ್ಟರು, ಅಷ್ಟೆ.

ಮೊಮ್ಮಗಳ ಗೆಳತಿಯರ ಎರಡು ಮನೆಗಳಿಗೆ ಎರಡೆರಡು ಹೆಣ್ಣುಗಳು ಹೋದವು. ಇನ್ನೊಬ್ಬ ಹುಡುಗ ಒಂದು ಗಂಡು ಒಯ್ದ. ಉಳಿದ ಗಂಡುಗಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಅಂಗಡಿಯವರಿಗೆ ಫೋನು ಮಾಡಿದೆವು. ಹಣ ಕೊಡುವುದಿಲ್ಲ, ಬೇಕಾದರೆ ತೆಗೆದುಕೊಳ್ಳುತ್ತೇವೆ ಎಂದರು. ಯಾರಿಗೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು: ಬೆಳೆದ ಗಂಡಿಲಿಗಳನ್ನು ಸಾಕಲು ಒಯ್ಯುವವರು ಕಡಿಮೆ, ಹಾವು ಸಾಕುವವರು ಒಯ್ಯುತ್ತಾರೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. “ಗೋದಾಮಿಗೆ ವಿಷ ಇಡಿಸಿದಾಗ ಇಲ್ಲದ ಯೋಚನೆ ಈಗೇಕೆ ನಿಮಗೆ?” ಎಂದಳು ಪತ್ನಿ. ಅವಳದು ಕೊಂಕಲ್ಲ, ನಿಜವಾದ ಪ್ರಶ್ನೆ. ಗೋದಾಮಿನ ಇಲಿಗಳು ಹುಟ್ಟಿದ್ದು ನನ್ನ ತೀರ್ಮಾನದಿಂದಲ್ಲ. ಈ ನಾಲ್ಕು ಹುಟ್ಟಿದ್ದು ನಮ್ಮ ತೊಟ್ಟಿಯಲ್ಲಿ, ನಾನು ಎರಡು ದಿನ ತಡಮಾಡಿದ ಪೆಟ್ಟಿಗೆಯಿಂದಾಗಿ. ಹಾವಿಗೂ ಆಹಾರ ಬೇಕೆಂಬ ವಾದ ನನಗೆ ಹೊಳೆಯದೆ ಇರಲಿಲ್ಲ. ಆದರೆ ಅದು ಹಾವು ಸಾಕುವವನ ವಾದ, ಇಲಿ ಸಾಕುವವನದಲ್ಲ.

ಮರುದಿನ ಮೊಮ್ಮಗಳು ಶಾಲೆಗೆ ಹೋಗಿದ್ದಾಗ ನಾನೂ ಅಳಿಯಂದಿರೂ ನಾಲ್ಕು ಗಂಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ ಅಂಗಡಿಗೆ ಕೊಟ್ಟುಬಂದೆವು. ಅಕ್ಕಿಯನ್ನೂ ಅವಳಿಗೆ ಪ್ರಿಯವಾದ ಇನ್ನೊಂದು ಬಿಳಿ ಗಂಡನ್ನೂ ಉಳಿಸಿಕೊಂಡೆವು. ಮನೆಗೆ ಬಂದು ವಹಿ ತೆರೆದು, ಆ ನಾಲ್ಕು ಕ್ರಮಸಂಖ್ಯೆಗಳ ಮುಂದೆ, ಷರಾ ಕಾಲಮ್ಮಿನಲ್ಲಿ, ನನ್ನ ಕೈಯಿಂದಲೇ ‘ಹೊಸ ಮನೆಗೆ’ ಎಂದು ಬರೆದೆ. ಅದೂ ಎರಡೇ ಪದ.

ಏಪ್ರಿಲಿನಲ್ಲಿ ಬೆಂಗಳೂರಿಗೆ ಮರಳಿದೆವು. ಇಲ್ಲಿಯೂ ಪಕ್ಷಿ, ಮೀನು ಮಾರುವ ಅಂಗಡಿಗಳಲ್ಲಿ ಬಿಳಿ ಇಲಿಗಳನ್ನು ಜೋಡಿಯಾಗಿ ಮಾರುವುದನ್ನು ಕಂಡಿದ್ದೇನೆ. ಸಾಕುಪ್ರಾಣಿಗಳ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2018ರಲ್ಲಿ ಬಂದಿದೆ. ಪ್ರಯೋಗಕ್ಕೆಂದು ಪ್ರಾಣಿ ಬೆಳೆಸುವವರ ನೋಂದಣಿ 1998ರ ನಿಯಮಗಳಿಂದಲೇ ಕಡ್ಡಾಯ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಿಯನ್ನು ಕಾಗೆಯೊಡನೆ ‘ಉಪದ್ರವಕಾರಿ’ಗಳ ಪಟ್ಟಿಯಲ್ಲಿಟ್ಟಿತ್ತು, 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಆದರೆ ಮಗುವಿನ ಹಟಕ್ಕೆ ಮಣಿದು ಜೋಡಿಯೊಂದನ್ನು ಕೊಳ್ಳುವ ತಂದೆಗೆ ಯಾವ ನಿಯಮವೂ ಹದಿಮೂರನೆಯ ವಾರದ ಲೆಕ್ಕ ಹೇಳುವುದಿಲ್ಲ. ಎರಡು ಹೆಣ್ಣುಗಳನ್ನು ಕೊಳ್ಳಿ, ಹೆಣ್ಣೆಂದು ನೀವೇ ನೋಡಿ ಖಚಿತಪಡಿಸಿಕೊಳ್ಳಿ, ಗರ್ಭದ ಅನುಮಾನವಿದ್ದರೆ ಪೆಟ್ಟಿಗೆಯನ್ನು ಮೊದಲೇ ತಂದಿಟ್ಟುಕೊಳ್ಳಿ. ಮರಿ ಬೇಕೆನಿಸಿದರೆ, ಕೂಡಿಸುವ ಮುನ್ನವೇ ಮರಿಯೊಂದಕ್ಕೆ ಒಂದರಂತೆ ಮನೆಗಳ ಹೆಸರು ಬರೆದಿಟ್ಟುಕೊಳ್ಳಿ. ಪಟ್ಟಿ ತುಂಬದಿದ್ದರೆ ಕೂಡಿಸಬೇಡಿ. ನಾನು ಕಲಿತದ್ದು ಇಷ್ಟೇ. ಕಲಿತ ಕ್ರಮ ಮಾತ್ರ ಸರಿಯಿರಲಿಲ್ಲ.

2025ರ ಮಾರ್ಚಿನಲ್ಲಿ ರಾಗಿಯ ಮುಂಗಾಲಿನ ಹತ್ತಿರ ಗಂಟೊಂದು ಕಾಣಿಸಿತೆಂದು ಮೊಮ್ಮಗಳು ಫೋನಿನಲ್ಲಿ ಹೇಳಿದಳು. ಎರಡು ವಾರದಲ್ಲಿ ಅದು ಗೋಲಿಯಷ್ಟಾಯಿತು. ಪಶುವೈದ್ಯರು ನೋಡಿ, ಸ್ತನದ ಗಡ್ಡೆ, ವಯಸ್ಸೂ ಆಗಿದೆ, ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರದು ಎಂದರಂತೆ. ನೋವಿಲ್ಲದೆ ಕೊನೆಗಾಣಿಸಲು ಅವಳೇ ಒಪ್ಪಿದಳು. ಗಂಟು ಕಂಡ ದಿನದಿಂದ ಪ್ರತಿದಿನದ ತೂಕವನ್ನೂ ಅದರ ಅಳತೆಯನ್ನೂ ಬರೆದಿದ್ದಳು. ಆ ಪುಟದ ಚಿತ್ರವನ್ನು ನನಗೆ ಕಳಿಸಿದಳು. ಜೊತೆಗೆ, ಮೊದಲ ಪುಟದ್ದನ್ನೂ. ಆ ನಾಲ್ಕು ‘ಹೊಸ ಮನೆಗೆ’ಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಪೆನ್ಸಿಲಿನ ಗುರುತು ಮಾಸಿತ್ತು. ಬಹಳ ಹಿಂದೆಯೇ ಬರೆದದ್ದಿರಬೇಕು. ಬೇರೆ ಮನೆಗೆ ಹೋದ ಐದು ಇಲಿಗಳ ಮುಂದೆ ಅವಳು ಗೆಳತಿಯರ ಹೆಸರು ಬರೆದಿದ್ದಳು. ಇವುಗಳ ಮುಂದೆ ಯಾರ ಹೆಸರೂ ಇರಲಿಲ್ಲ.

ಮರುದಿನ ಫೋನು ಮಾಡಿ ನಡೆದುದನ್ನು ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ.

“ಅಳಿಸಿ ಬರೀಲಾ, ತಾತ?” ಎಂದಳು.

ಅಳಿಸಬಾರದು. ತಪ್ಪಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲ್ಗಡೆ ಸರಿಯಾದುದನ್ನು ಬರೆದು, ದಿನಾಂಕ ನಮೂದಿಸಿ, ತಪ್ಪು ಬರೆದವರೇ ಸಹಿ ಮಾಡಬೇಕು. ಹಾಗೆಂದು ಅವಳಿಗೆ ಹೇಳಿದೆ. ಗೆರೆ, ದಿನಾಂಕ ಆಗಿದೆಯಂತೆ. ಸಹಿಯ ಜಾಗ ಖಾಲಿ ಬಿಟ್ಟಿದ್ದಾಳೆ. ಮುಂದಿನ ಸಲ ಹೋದಾಗ ಮಾಡಬೇಕು.